ಅವರಿಗೊಂದು ಫ್ರೇಮ್, ನಿಮಗೊಂದು

ಪ್ರಶ್ನೆ: ಸರ್, ನಾನು ಮೈಸೂರಿನ ಚಾಮುಂಡಿಪುರಂನಲ್ಲಿ ಹುಟ್ಟಿ ಬೆಳೆದವಳು. ಈಗ ಬೆಂಗಳೂರಿನಲ್ಲಿ ಕೆಲಸ. ಅಟ್ಟದ ಮೇಲೆ ಅಪ್ಪನ ಹಳೇ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಕ್ಯಾಮೆರಾ ಸಿಕ್ಕಿತು. ತಿಂಗಳಿಗೆ ಎರಡು ಸಲ ಊರಿಗೆ ಬಂದಾಗ ಕಪ್ಪು ಬಿಳುಪು ಫಿಲ್ಮ್ ಹಾಕಿಕೊಂಡು ಜನರ ಫೋಟೋ ತೆಗೆಯುತ್ತೇನೆ. ಮೂರು ರೋಲ್ ಮುಗಿದಿದೆ. ಬೆನ್ನುಗಳೇ ಜಾಸ್ತಿ. ಮುಖ ಸಿಕ್ಕ ಕಡೆ ಕಪ್ಪಾಗಿದೆ. ಉಳಿದವು ಟೂರಿಸ್ಟ್ ಯಾರೋ ತೆಗೆದ ಹಾಗಿವೆ. ಬೇರೆ ಊರಿನಲ್ಲಿ ಇಷ್ಟು ಮುಜುಗರ ಆಗುವುದಿಲ್ಲ, ನನ್ನೂರಿನಲ್ಲೇ ಆಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಕಪ್ಪಾದ ಮುಖದ ವಿಷಯ ಮುಗಿಸೋಣ. ಅದು ಸುಲಭ. ಮುಜುಗರದ್ದು ಸ್ವಲ್ಪ ಉದ್ದ ಆಗುತ್ತದೆ.

ನೆಗೆಟಿವ್ ತೆಗೆದು ಕಿಟಕಿಗೆ ಹಿಡಿದು ನೋಡಿ. ಸ್ಕ್ಯಾನ್ ನೋಡಿ ತೀರ್ಮಾನ ಮಾಡಬೇಡಿ. ಫಿಲ್ಮಿನ ಅಂಚಿನಲ್ಲಿ ಕಂಪನಿಯ ಹೆಸರು, ಫ್ರೇಮ್ ನಂಬರ್ ಇರುತ್ತವಲ್ಲ, ಅವು ದಟ್ಟವಾಗಿ, ಸ್ಪಷ್ಟವಾಗಿ ಕಾಣುತ್ತಿದ್ದರೆ ಡೆವಲಪ್ ಮಾಡಿದವರ ತಪ್ಪಿಲ್ಲ. ಆಮೇಲೆ ಮುಖ ಇರುವ ಜಾಗ ನೋಡಿ. ಅಲ್ಲಿ ಗಾಜಿನ ಹಾಗೆ ಖಾಲಿ ಇದ್ದರೆ ಬೆಳಕೇ ಸಾಕಾಗಿಲ್ಲ ಎಂದರ್ಥ. ಕಣ್ಣು, ಮೂಗು ತೆಳುವಾಗಿಯಾದರೂ ಕಂಡರೆ ಬಚಾವು, ಸರಿಯಾಗಿ ಸ್ಕ್ಯಾನ್ ಮಾಡಿಸಿದರೆ ಸುಮಾರಾಗಿ ಬರುತ್ತದೆ.

ಇಡೀ ರೋಲೇ ತೆಳ್ಳಗೆ, ಅಂದರೆ ಪೇಲವವಾಗಿ ಕಾಣುತ್ತಿದೆಯೇ? ಹಾಗಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಈ ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ ಮಾತ್ರ ನಿಮ್ಮ ಕೈಯಲ್ಲಿ. ಶಟರ್ ಸ್ಪೀಡನ್ನು, ಅಂದರೆ ಎಷ್ಟು ಹೊತ್ತು ಬೆಳಕು ಬಿಡಬೇಕು ಎಂಬುದನ್ನು, ಅದೇ ಆರಿಸಿಕೊಳ್ಳುತ್ತದೆ. ಬ್ಯಾಟರಿ ಸತ್ತರೆ ಕ್ಲಿಕ್ ಶಬ್ದ ಬಂದೇ ಬರುತ್ತದೆ, ಆದರೆ ಪ್ರತಿ ಸಲವೂ ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕೇ ಓಡುತ್ತದೆ. ನೆರಳಲ್ಲಿ ನಿಂತವರು ಅಷ್ಟರಲ್ಲಿ ಎಲ್ಲಿ ಬರುತ್ತಾರೆ? ಹಿಂಭಾಗದ ಚೆಕ್ ಗುಂಡಿ ಒತ್ತಿದಾಗ ದೀಪ ಹತ್ತಬೇಕು. ಆಗ ಇದಕ್ಕೆ ಹಾಕುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ಸೆಲ್ಲನ್ನು ಅಡಾಪ್ಟರ್ ಜೊತೆ ಹಾಕಿದರೆ ಕೆಲಸ ನಡೆಯುತ್ತದೆ. ಹಿಂಬಾಗಿಲಿನ ಅಂಚಿನಲ್ಲಿ ಅಂಟಂಟಾದ ಕಪ್ಪು ಸ್ಪಾಂಜ್ ಇದ್ದರೆ ಅದನ್ನೂ ತೆಗೆಸಿ ಹೊಸದು ಹಾಕಿಸಿ. ಇಲ್ಲದಿದ್ದರೆ ಬೆಳಕು ಒಳಗೆ ಸೋರುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಮುಖ ಮಾತ್ರ ಕಪ್ಪಾಗಿದ್ದರೆ ಕಾರಣ ಬೇರೆ. ಇದರ ಬೆಳಕು ಅಳೆಯುವ ಮೀಟರ್ ಲೆನ್ಸಿನ ಮೂಲಕ ನೋಡುವುದಿಲ್ಲ. ಹೊರಗಿನ ಒಂದು ಪುಟ್ಟ ಕಣ್ಣಿನಿಂದ ಇಡೀ ದೃಶ್ಯವನ್ನು ಒಟ್ಟಾಗಿ ನೋಡುತ್ತದೆ. ಹಿಂದೆ ಬಿಸಿಲು ಬಿದ್ದ ಗೋಡೆ, ಆಕಾಶ, ಬಿಳಿ ಪಂಚೆ ಇದ್ದರೆ 'ಓಹೋ, ಬೆಳಕು ಬೇಕಾದಷ್ಟಿದೆ' ಎಂದುಕೊಂಡು ಬೇಗ ಬಾಗಿಲು ಮುಚ್ಚುತ್ತದೆ. ನಮ್ಮ ಜನರ ಮೈಬಣ್ಣಕ್ಕೆ ಆ ಬೆಳಕು ಸಾಕಾಗುವುದಿಲ್ಲ.

ಮದ್ದು ಇಷ್ಟೇ. 400ರ ಫಿಲ್ಮ್ (ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಂಕಿ ಇದು) ಹಾಕಿದ್ದರೂ ಕ್ಯಾಮೆರಾದ ಎಎಸ್‌ಎ ಡಯಲನ್ನು 200ಕ್ಕೆ ಇಡಿ. ಅಲ್ಲೇ ಬಿಡಿ. ಅಂಕಿ ಕಡಿಮೆ ಇಟ್ಟಷ್ಟೂ ಕ್ಯಾಮೆರಾ ಹೆಚ್ಚು ಬೆಳಕು ಬಿಡುತ್ತದೆ. ವ್ಯಕ್ತಿಯ ಹಿಂದೆ ಬೆಳಕಿದ್ದರೆ 100ಕ್ಕೆ ತಿರುಗಿಸಿ, ತೆಗೆದ ಮೇಲೆ ಮರೆಯದೆ ವಾಪಸ್ ತನ್ನಿ. ಡೆವಲಪ್ ಎಂದಿನಂತೆಯೇ ಮಾಡಿಸಿ. ಕಪ್ಪು ಬಿಳುಪು ನೆಗೆಟಿವ್ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆ ಬೆಳಕನ್ನು ಕ್ಷಮಿಸುವುದಿಲ್ಲ. ಈ ಒಂದು ಮಾತನ್ನು ನನಗೆ ಯಾರಾದರೂ ಇಪ್ಪತ್ತನೇ ವಯಸ್ಸಿನಲ್ಲಿ ಹೇಳಿದ್ದರೆ ಎಷ್ಟೋ ರೋಲ್ ಉಳಿಯುತ್ತಿತ್ತು.

ಫಿಲ್ಮ್ ಯಾವುದು ಎಂದು ನೀವು ಕೇಳಿಲ್ಲ, ಒಳ್ಳೆಯದಾಯಿತು. ಇಲ್‌ಫೋರ್ಡ್ ಎಚ್‌ಪಿ5, ಕೊಡಾಕ್ ಟ್ರೈ-ಎಕ್ಸ್, ಸ್ವಲ್ಪ ಅಗ್ಗದ ಕೆಂಟ್‌ಮಿಯರ್ 400, ಯಾವುದಾದರೂ ಆಗುತ್ತದೆ. ಒಂದನ್ನೇ ಹಿಡಿದು ಹತ್ತು ರೋಲ್ ತೆಗೆಯಿರಿ. ನಮ್ಮ ಕಾಲದಲ್ಲಿ ಪಕ್ಕದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಸಿಗುತ್ತಿತ್ತು. ನಾವು ಅದನ್ನು ಬೈದುಕೊಂಡೇ ಬಳಸುತ್ತಿದ್ದೆವು. ಈಗ ಆ ಕಾರ್ಖಾನೆಯೇ ಇಲ್ಲ. ಒಂದು ರೋಲಿನ ಬೆಲೆ ನೋಡಿದಾಗಲೆಲ್ಲ ಆ ಬೈಗುಳ ವಾಪಸ್ ತೆಗೆದುಕೊಳ್ಳೋಣ ಅನ್ನಿಸುತ್ತದೆ.

ಇನ್ನು ಮುಜುಗರ.

ಬೇರೆ ಊರಿನಲ್ಲಿ ನೀವು ಯಾರೂ ಅಲ್ಲ. ಫೋಟೋ ತೆಗೆದು ಬಸ್ ಹತ್ತಿದರೆ ಮುಗಿಯಿತು. ಮೈಸೂರಿನಲ್ಲಿ ಹಾಗಾಗುವುದಿಲ್ಲ. ಇಂದು ಕ್ಯಾಮೆರಾ ಎತ್ತಿದ ಅಂಗಡಿಯಲ್ಲೇ ನಾಳೆ ನಿಮ್ಮ ಅಮ್ಮ ಕೊತ್ತಂಬರಿ ಸೊಪ್ಪು ಕೊಳ್ಳುತ್ತಾರೆ. ಅದು ನಿಮಗೆ ಗೊತ್ತು. ಅದಕ್ಕೇ ಜನ ತಿರುಗಿದ ಮೇಲೆ ಕ್ಲಿಕ್ ಮಾಡುತ್ತಿದ್ದೀರಿ. ಬೆನ್ನುಗಳು ಬರುವುದು ಅದಕ್ಕೆ. ಆದರೆ ಈ ಗುರುತು ಅಡ್ಡಿಯಲ್ಲ, ನಿಮ್ಮ ಹತ್ತಿರ ಇರುವ ಬಂಡವಾಳವೇ ಅದು. ಟೂರಿಸ್ಟಿಗೆ ಅದು ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಮ್ಮೂರಿನಲ್ಲಿ ಕ್ಯಾಮೆರಾ ಕಂಡ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಒಂದು, 'ಯಾವ ಪೇಪರು?' ಇನ್ನೊಂದು, 'ಕಾರ್ಪೊರೇಷನ್‌ನವರಾ?' ಎರಡನೆಯದರಲ್ಲಿ ಭಯ ಇರುತ್ತದೆ. ದೇವರಾಜ ಮಾರ್ಕೆಟ್‌ನಲ್ಲಂತೂ ಇದು ಸಹಜ. 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ಮಾರ್ಕೆಟ್ಟಿನದೇ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಆಮೇಲೆ ವರ್ಷಗಟ್ಟಲೆ ನಡೆಯಿತು. ಅಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಫೋಟೋ ತೆಗೆಯುವವರೆಂದರೆ ಸರ್ವೆಯವರು ಅಥವಾ ಸುದ್ದಿಯವರು. ನೀವು ದೂರದಿಂದ ಕದ್ದು ತೆಗೆದರೆ ಆ ಅನುಮಾನ ಗಟ್ಟಿಯಾಗುತ್ತದೆ.

ಆದ್ದರಿಂದ ಹತ್ತಿರ ಹೋಗಿ. ಕ್ಯಾಮೆರಾ ಕೈಯಲ್ಲಿ ಕಾಣುವಂತಿರಲಿ, ಕಣ್ಣಿಗೆ ಹಿಡಿಯಬೇಡಿ. 'ಅಣ್ಣಾ, ನಾನು ಚಾಮುಂಡಿಪುರಂನವಳು, ಇದು ನಮ್ಮಪ್ಪನ ಹಳೇ ರೀಲ್ ಕ್ಯಾಮೆರಾ, ಊರಿನವರ ಫೋಟೋ ತೆಗೀತಾ ಇದ್ದೀನಿ, ನಿಮ್ಮದೊಂದು ತೆಗೀಲಾ?' ಇಷ್ಟೇ ಮಾತು. 'ರೀಲ್ ಕ್ಯಾಮೆರಾ' ಎಂಬ ಪದ ಅರ್ಧ ಕೆಲಸ ಮಾಡಿಕೊಡುತ್ತದೆ. ಐವತ್ತು ದಾಟಿದವರಿಗೆ ಅದು ಗೊತ್ತು. 'ಇನ್ನೂ ರೀಲು ಸಿಗುತ್ತಾ?' ಎಂದು ಅವರೇ ಮಾತು ಶುರು ಮಾಡುತ್ತಾರೆ. ಆಮೇಲೆ 'ಚಾಮುಂಡಿಪುರಂನಲ್ಲಿ ಎಲ್ಲಾಯ್ತು? ಯಾರ ಮಗಳು?' ಬಂದೇ ಬರುತ್ತದೆ. ಉತ್ತರ ಕೊಡಿ. ಈ ವಿಚಾರಣೆ ಮುಗಿದ ಮೇಲೆ ತೆಗೆದ ಫೋಟೋದಲ್ಲಿ ಮುಖ ಬೇರೆಯೇ ಇರುತ್ತದೆ. ಬೇಡ ಎಂದರೆ 'ಆಯ್ತಣ್ಣಾ' ಎಂದು ಹೇಳಿ ಏನಾದರೂ ಕೊಂಡು ಹೊರಡಿ. ಮುಂದಿನ ಸಲ ಅವರೇ ಕರೆಯಬಹುದು, ಕರೆಯದೆಯೂ ಇರಬಹುದು.

ಒಪ್ಪಿದವರು ಏನು ಮಾಡುತ್ತಾರೆ? ಕೈ ಕೆಳಗೆ ಬಿಟ್ಟು, ನೆಟ್ಟಗೆ ನಿಂತು, ನಗು ನುಂಗಿ, ಲೆನ್ಸನ್ನೇ ದಿಟ್ಟಿಸುತ್ತಾರೆ. ನೀವು 'ಅಯ್ಯೋ, ಸುಮ್ನೆ ನಿಮ್ಮ ಕೆಲಸ ಮಾಡ್ಕೊಳ್ಳಿ, ಕ್ಯಾಮೆರಾ ನೋಡಬೇಡಿ' ಅನ್ನುತ್ತೀರಿ. ಅಲ್ವಾ? ಎಲ್ಲರೂ ಮಾಡುವ ತಪ್ಪು ಇದು. ನಾನೂ ಎಷ್ಟೋ ವರ್ಷ ಮಾಡಿದೆ.

ಒಂದು ಕತೆ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಚಿಕ್ಕ ಗಡಿಯಾರದ ಹತ್ತಿರ ಹೂವು ಮಾರುತ್ತಿದ್ದ ಒಬ್ಬ ಹೆಂಗಸಿನ ಫೋಟೋ ತೆಗೆದಿದ್ದೆ. ಬಗ್ಗಿ ಮೊಳ ಹಾಕುತ್ತಿದ್ದರು. ಪಕ್ಕದಿಂದ ಬೆಳಗಿನ ಬೆಳಕು, ಮುಖದ ಒಂದೊಂದು ಸುಕ್ಕೂ ಕೆತ್ತಿದ ಹಾಗೆ. ದೊಡ್ಡದಾಗಿ ಪ್ರಿಂಟ್ ಹಾಕಿದೆ, ಗೆಳೆಯರೆಲ್ಲ ಹೊಗಳಿದರು. ಬೀಗಿಕೊಂಡು ಒಂದು ಪ್ರತಿ ತೆಗೆದುಕೊಂಡು ಅವರ ಹತ್ತಿರ ಹೋದೆ. ನೋಡಿದರು. ತಿರುಗಿಸಿ ಹಿಂದೆ ನೋಡಿದರು. 'ಇದೇನ್ ಸ್ವಾಮಿ, ನಾನಿನ್ನೂ ಬದುಕಿದ್ದೀನಿ' ಎಂದರು. ಪಕ್ಕದವಳಿಗೆ ತೋರಿಸಿ, 'ಹೂವು ನಾನೇ ಕೊಡ್ತೀನಿ, ಒಂದು ಹಾರ ಹಾಕ್ಬುಡಿ' ಎಂದು ನಕ್ಕರು. ನನ್ನ ಮುಖ ಹೇಗಾಗಿರಬೇಡ.

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಮನೆಗಳಲ್ಲಿ ಕಪ್ಪು ಬಿಳುಪು ಫೋಟೋ ಗೋಡೆಯ ಮೇಲೆ ಇರುವುದು ತೀರಿಹೋದವರದ್ದು. ಅದೂ ಅಲ್ಲದೆ ಹಳೇ ಸೀರೆ, ಕೆದರಿದ ಕೂದಲು, ಕೆಲಸದ ಮಧ್ಯೆ. ಫೋಟೋ ಎಂದರೆ ಚೆನ್ನಾಗಿ ಕಾಣಬೇಕಾದದ್ದು. ಮುಂದಿನ ಭಾನುವಾರ ಬರಲು ಹೇಳಿದರು. ಹೋದಾಗ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಪಕ್ಕದಲ್ಲಿ ಮೊಮ್ಮಗ. ನೆಟ್ಟಗೆ ನಿಂತರು. ಕಲರ್ ರೋಲ್ ಹಾಕಿ ತೆಗೆದುಕೊಟ್ಟೆ. ಅದು ಫ್ರೇಮ್ ಹಾಕಿಸಿಕೊಂಡು ಅವರ ಮನೆ ಗೋಡೆ ಮೇಲೆ ಕೂತಿತು. ನನ್ನ ಹೊಗಳಿಸಿಕೊಂಡ ಫೋಟೋ ಇವತ್ತಿಗೂ ಟ್ರಂಕಿನಲ್ಲಿದೆ.

ಆವತ್ತಿನಿಂದ ನಾನು ಮಾಡುವುದು ಹೀಗೆ. ಮೊದಲ ಫ್ರೇಮ್ ಅವರಿಗೆ. ಅವರು ಹೇಗೆ ನಿಲ್ಲುತ್ತಾರೋ ಹಾಗೇ. ತಲೆ ಬಾಚಿಕೊಳ್ಳಲಿ, ಶರ್ಟಿನ ಗುಂಡಿ ಹಾಕಿಕೊಳ್ಳಲಿ, ಒಳಗಿನಿಂದ ದೇವರ ಪಟ ತಂದು ಪಕ್ಕ ಇಟ್ಟುಕೊಳ್ಳಲಿ. ಹತ್ತು ಅಡಿ ದೂರ ನಿಂತು ಕ್ಯಾಮೆರಾ ಉದ್ದುದ್ದ ಹಿಡಿದರೆ ನಿಮ್ಮ 45 ಎಂಎಂ ಲೆನ್ಸಿನಲ್ಲಿ ತಲೆಯಿಂದ ಕಾಲಿನವರೆಗೆ ಬರುತ್ತಾರೆ. ಕಾಲು ಕತ್ತರಿಸಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಇದನ್ನು ಪೂರ್ತಿ ಗಮನ ಕೊಟ್ಟು ತೆಗೆಯಿರಿ, ಹೇಗೋ ತೆಗೆದು ಸಾಗಹಾಕಬೇಡಿ.

ಎರಡನೆಯದು ನಿಮಗೆ. 'ಆಯ್ತು' ಎಂದ ಕೂಡಲೇ ಅವರ ಭುಜ ಇಳಿಯುತ್ತದೆ, ಉಸಿರು ಬಿಡುತ್ತಾರೆ, ಪಕ್ಕದವರನ್ನು ನೋಡಿ ನಗುತ್ತಾರೆ. ಇಲ್ಲಾ ಮತ್ತೆ ಕೆಲಸಕ್ಕೆ ಕೈ ಹಾಕುತ್ತಾರೆ. ನೀವು ಅಷ್ಟರಲ್ಲಿ ಫಿಲ್ಮ್ ಮುಂದಕ್ಕೆ ಎಳೆದು ನಾಲ್ಕೈದು ಅಡಿಗೆ ಬಂದಿರಬೇಕು. ಎಲೆಕ್ಟ್ರೋದ ಶಟರ್ ಶಬ್ದ ಪಿಸುಮಾತಿನಷ್ಟು, ಗೊತ್ತೇ ಆಗುವುದಿಲ್ಲ. ತಮಾಷೆ ಏನು ಗೊತ್ತೇ? ಎಷ್ಟೋ ಸಲ ಕಾಂಟ್ಯಾಕ್ಟ್ ಶೀಟ್ (ಇಡೀ ರೋಲಿನ ಪುಟ್ಟ ಪ್ರಿಂಟುಗಳ ಹಾಳೆ) ನೋಡುವಾಗ ನನಗೆ ಇಷ್ಟವಾಗುವುದು ಮೊದಲನೆಯದೇ. ಜನ ತಾವು ಹೇಗೆ ಕಾಣಬೇಕೆಂದು ಬಯಸುತ್ತಾರೋ ಅದೂ ಅವರ ನಿಜವೇ. ಕ್ಯಾಮೆರಾ ನೋಡದೆ ಇದ್ದರೆ ಮಾತ್ರ ಸಹಜ ಎಂದು ಯಾರು ಹೇಳಿದರು?

36 ಫ್ರೇಮಿನ ರೋಲಿಗೆ ಈ ಲೆಕ್ಕದಲ್ಲಿ ಹದಿನೆಂಟು ಜನ. ನಾನು ಹನ್ನೆರಡು ಜನಕ್ಕೆ ನಿಲ್ಲಿಸುತ್ತೇನೆ, ಯಾರಾದರೊಬ್ಬರು ಕಣ್ಣು ಮುಚ್ಚಿರುತ್ತಾರೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಫ್ರೇಮ್ ನಂಬರ್, ಹೆಸರು, ಕೂರುವ ಜಾಗ ಬರೆದುಕೊಳ್ಳಿ. ಬರೆಯುವುದನ್ನು ಅವರು ನೋಡಲಿ. ಪ್ರಿಂಟ್ ತಂದುಕೊಡುತ್ತೀರೆಂದು ನಂಬಿಕೆ ಬರುವುದು ಅಲ್ಲಿ.

ಪ್ರಿಂಟ್ ಕೊಡಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಮೊಬೈಲ್ ಇದ್ದರೆ ಅಲ್ಲೇ ಸ್ಕ್ರೀನ್ ತೋರಿಸಿ, ವಾಟ್ಸಾಪ್ ಮಾಡಿ ಮುಗಿಸಬಹುದಿತ್ತು. ಫಿಲ್ಮಿನಲ್ಲಿ ತೋರಿಸಲು ಏನೂ ಇಲ್ಲ. ಅದೇ ಇದರ ಲಾಭ. ಮತ್ತೆ ಹೋಗುವುದಕ್ಕೆ ನೆಪ ಸಿಗುತ್ತದೆ. ನೀವು ತಿಂಗಳಿಗೆ ಎರಡು ಸಲ ಬರುತ್ತೀರಿ. ಒಂದು ಸಲ ತೆಗೆಯಿರಿ, ಬೆಂಗಳೂರಿನಲ್ಲಿ ಡೆವಲಪ್ ಮಾಡಿಸಿ, ಮುಂದಿನ ಸಲ ಕೊಡಿ. ನಾಲ್ಕು ಇಂಚಿಗೆ ಆರು ಇಂಚು ಸಾಕು, ಲ್ಯಾಮಿನೇಷನ್ ಮಾಡಿಸಿದರೆ ಮಾರ್ಕೆಟ್ಟಿನ ನೀರು, ಧೂಳಿಗೆ ತಡೆಯುತ್ತದೆ. ಕಪ್ಪು ಬಿಳುಪು ಅವರಿಗೆ ಹಿಡಿಸುವುದಿಲ್ಲ ಅನ್ನಿಸಿದರೆ ಅವರ ಫ್ರೇಮನ್ನು ಮೊಬೈಲಿನಲ್ಲೂ ಒಮ್ಮೆ ಕಲರ್‌ನಲ್ಲಿ ತೆಗೆದು ಅದರ ಪ್ರಿಂಟ್ ಕೊಡಿ. ಫಿಲ್ಮ್ ನಿಷ್ಠೆ ನಿಮ್ಮದು, ಅವರದ್ದಲ್ಲ. ಪ್ರಿಂಟ್ ಕೊಟ್ಟ ದಿನ ಪಕ್ಕದ ಅಂಗಡಿಯವರು 'ನಮ್ಮದೂ ತೆಗೀರಿ' ಎಂದು ಕರೆಯುತ್ತಾರೆ. ಎರಡನೇ ತಿಂಗಳಿಗೆ ನೀವು ಯಾರನ್ನೂ ಕೇಳಬೇಕಾಗಿಲ್ಲ. ಆಮೇಲೆ ಫಿಲ್ಮ್ ಸಾಲದೆ ಹೋಗುವುದೇ ತೊಂದರೆ.

ಟೂರಿಸ್ಟ್ ಫೋಟೋದ ಹಾಗಿದೆ ಅಂದಿರಲ್ಲ. ಕುಂಕುಮ, ಅರಿಶಿನದ ಗೋಪುರಗಳ ಹಿಂದೆ ಕೂತ ಅಜ್ಜನನ್ನು ತೆಗೆದಿದ್ದೀರಿ, ಹೌದೋ ಅಲ್ಲವೋ? ಅದನ್ನು ಬಿಟ್ಟುಬಿಡಿ, ಪ್ರಪಂಚದ ಎಲ್ಲ ಕ್ಯಾಮೆರಾಗಳೂ ಅವರನ್ನು ನೋಡಿವೆ. ಅದೂ ಬಣ್ಣದ ರಾಶಿಯನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಏನು ಮಾಡುತ್ತೀರಿ? ನಿಮಗೆ ಮಾತ್ರ ಗೊತ್ತಿರುವವರನ್ನು ಹುಡುಕಿ. ಶಾಲೆಗೆ ಹೋಗುವಾಗ ಚಪ್ಪಲಿ ಹೊಲಿದುಕೊಟ್ಟವರು, ನಿಮ್ಮ ಲಂಗ ಬ್ಲೌಸ್ ಹೊಲಿದ ಟೈಲರ್, ಕುಕ್ಕರ್ ಗ್ಯಾಸ್ಕೆಟ್ ಬದಲಿಸಿಕೊಡುವವರು. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದಲ್ಲಿ ಚಿತ್ರ ಕೂರಿಸುವ ಕುಸುರಿ ಕೆಲಸದವರಿದ್ದಾರೆ. ಜಗಲಿಯಲ್ಲಿ ಕೂತು ಅಗರಬತ್ತಿ ಹೊಸೆಯುವ ಹೆಂಗಸರನ್ನು ಮಾತಾಡಿಸುವುದು ನನಗಿಂತ ನಿಮಗೆ ಸುಲಭ. ಗರಡಿಮನೆಗೆ ಹೋಗುವ ಆಸೆ ಇದ್ದರೆ ಮೊದಲು ಉಸ್ತಾದರನ್ನು ಕೇಳಿ. ಹೆಂಗಸರನ್ನು ಮಟ್ಟಿಯೊಳಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣದೊಳಗೆ, ಬಿಡದ ಗರಡಿಗಳಿವೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ಆದರೂ ಬಾಗಿಲಲ್ಲಿ ನಿಂತು ಜಗಳ ಆಡಿದರೆ ಫೋಟೋ ಸಿಗುವುದಿಲ್ಲ. ಕುಸ್ತಿಯೇ ಬೇಕೆಂದರೆ ದಸರಾ ಸಮಯದಲ್ಲಿ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಹೋಗಿ. ಅಲ್ಲಿ ಪೈಲ್ವಾನರಿಗಿಂತ ನೋಡುವವರ ಮುಖ ಚೆನ್ನಾಗಿರುತ್ತದೆ.

ದಸರಾ ಜಂಬೂ ಸವಾರಿಯ ದಿನ ಮಾತ್ರ ಫಿಲ್ಮ್ ಹಾಳು ಮಾಡಬೇಡಿ. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಮೊಬೈಲ್. ಅದಕ್ಕೂ ಕೆಲವು ವಾರ ಮೊದಲು ತಾಲೀಮಿಗೆಂದು ಆನೆಗಳು ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಯುತ್ತವಲ್ಲ, ಆಗ ಸಯ್ಯಾಜಿರಾವ್ ರಸ್ತೆಯಲ್ಲಿ ಅಂಗಡಿ ಬಾಗಿಲಿಗೆ ಬಂದು ನಿಲ್ಲುವವರನ್ನು ನೋಡಿ. ಆನೆಗೆ ಬೆನ್ನು ಹಾಕಿ ನಿಂತುಕೊಳ್ಳಿ. ಈ ಒಂದು ಸಲ ಬೆನ್ನು ನಿಮ್ಮದಿರಲಿ.

ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ನೋಡಿದ್ದೀರಾ? ಮೈಸೂರಿನವರೇ, 1923ರಲ್ಲಿ ಹುಟ್ಟಿದವರು, 2009ರವರೆಗೆ ಇದ್ದರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಬೆಂಗಳೂರಿನ ಮ್ಯಾಪ್ ಕಲಾ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ದೊಡ್ಡ ಸಂಗ್ರಹವಿದೆ. ಅವರ ಚಿತ್ರಗಳಲ್ಲಿ ನನಗೆ ಎದ್ದು ಕಾಣುವುದು ಒಂದೇ. ಜನ ಫೋಟೋಗ್ರಾಫರಿಗೆ ಹೆದರಿಲ್ಲ. ಎಷ್ಟು ಹತ್ತಿರ ನಿಂತು ತೆಗೆದಿದ್ದಾರೆ ಎಂದು ಲೆಕ್ಕ ಹಾಕುತ್ತಾ ನೋಡಿ. ನೀವು ಈಗ ನಿಲ್ಲುವ ದೂರ ಎಷ್ಟು ಜಾಸ್ತಿ ಎಂದು ಗೊತ್ತಾಗುತ್ತದೆ.

ಬೆಳಕಿನ ಬಗ್ಗೆ ಎರಡು ಮಾತು. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟಿನಲ್ಲಿ, ಮಧ್ಯಾಹ್ನದ ಸೂರ್ಯ ಮೈಸೂರಿನ ನೆತ್ತಿಯ ಮೇಲೇ ಇರುತ್ತಾನೆ. ಆಗ ಹುಬ್ಬಿನ ನೆರಳು ಬಿದ್ದು ಕಣ್ಣು ಎರಡು ಗುಳಿಯಾಗುತ್ತದೆ. ಬಿಸಿಲಿನಲ್ಲಿ ಯಾರನ್ನೂ ನಿಲ್ಲಿಸಬೇಡಿ. ಅಂಗಡಿಯ ಹೊಸ್ತಿಲಿನಿಂದ ಒಂದೆರಡು ಅಡಿ ಒಳಗೆ, ರಸ್ತೆಯ ಕಡೆ ಮುಖ ಮಾಡಿ ನಿಲ್ಲಲಿ. ನೀವು ರಸ್ತೆಗೆ ಬೆನ್ನು ಮಾಡಿ. ಎದುರು ಗೋಡೆಯಿಂದ ಬಂದ ಬೆಳಕು ಮೆತ್ತಗೆ ಮುಖದ ಮೇಲೆ ಬೀಳುತ್ತದೆ, ಹಿಂದಿನ ಕತ್ತಲು ತಾನಾಗಿ ಪರದೆಯಾಗುತ್ತದೆ. ಹಳೇ ಅಗ್ರಹಾರದ ಮನೆಗಳ ಜಗಲಿಯೂ ಇದೇ ಕೆಲಸ ಮಾಡುತ್ತದೆ. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ನಾನು ಕಂಡಿಲ್ಲ.

ನಡೆಯುತ್ತಾ ತೆಗೆಯುವುದಾದರೆ ಅಪರ್ಚರ್ 8ಕ್ಕೆ, ಫೋಕಸ್ ಮೂರು ಮೀಟರಿಗೆ ಇಟ್ಟುಬಿಡಿ. ಸುಮಾರು ಎರಡೂ ಕಾಲು ಮೀಟರಿನಿಂದ ನಾಲ್ಕೂವರೆ ಮೀಟರ್‌ವರೆಗೆ ಚೂಪಾಗಿ ಬರುತ್ತದೆ. ವ್ಯೂಫೈಂಡರಿನಲ್ಲಿ ಕೆಂಪು ಬಾಣ ಹತ್ತಿದರೆ ಬೆಳಕು ಜಾಸ್ತಿ, ಅಪರ್ಚರ್ ಕಿರಿದು ಮಾಡಿ. ಹಳದಿ ಹತ್ತಿದರೆ ಶಟರ್ ನಿಧಾನವಾಗಿದೆ, ಕೈ ಅಲ್ಲಾಡುತ್ತದೆ, ಅಪರ್ಚರ್ ತೆರೆಯಿರಿ. ಭಾನುವಾರ ಸಂಜೆ ಅರಮನೆಯ ದೀಪ ಹತ್ತುತ್ತವಲ್ಲ, ಸುಮಾರು ಒಂದು ಲಕ್ಷ ಬಲ್ಬು. ಆ ಬೆಳಕಿಗೆ ಮುಖವೊಡ್ಡಿ ನಿಂತ ಜನರನ್ನು 1.7ರ ಅಪರ್ಚರಿನಲ್ಲಿ, ಅಂದರೆ ಕಿಂಡಿ ಪೂರ್ತಿ ತೆರೆದು, ತೆಗೆದು ನೋಡಿ. ಆವತ್ತಿಗೆ ಬೇರೆ ರೋಲ್ ಹಾಕಿ, ಡಯಲ್ 800ಕ್ಕೆ ಇಡಿ. 'ಒಂದು ಸ್ಟಾಪ್ ಪುಷ್ ಮಾಡಿ' (ಎಂದಿಗಿಂತ ಹೆಚ್ಚು ಹೊತ್ತು ಡೆವಲಪ್ ಮಾಡಿ ಎಂದರ್ಥ) ಎಂದು ಲ್ಯಾಬಿನವರಿಗೆ ಹೇಳುವುದು ಮರೆಯಬೇಡಿ.

ಮನೆಯಲ್ಲೇ ಡೆವಲಪ್ ಮಾಡುವ ಹುಮ್ಮಸ್ಸು ಬಂದರೆ ಮಾಡಿ, ಖರ್ಚೂ ಇಳಿಯುತ್ತದೆ. ಎಚ್‌ಪಿ5ಕ್ಕೆ ಐಡಿ-11 ಡೆವಲಪರನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರು 20 ಡಿಗ್ರಿ ಎಲ್ಲಿರುತ್ತದೆ? ಬಕೆಟ್ಟಿಗೆ ಐಸ್ ಹಾಕಿ ಕೆಮಿಕಲ್ ಬಾಟಲಿಯನ್ನು ಅದರಲ್ಲಿ ಇಡಿ. ನನ್ನ ಒಂದು ಮದುವೆ ರೋಲನ್ನು ಹೀಗೆ ಐಸ್ ಇಲ್ಲದೆ ಬೇಯಿಸಿಬಿಟ್ಟಿದ್ದೆ. ಮದುಮಗನ ಪಂಚೆ, ಹಿಂದಿನ ಗೋಡೆ ಎಲ್ಲ ಒಂದೇ ಬಿಳಿ.

ಮಕ್ಕಳ ಫೋಟೋಕ್ಕೆ ಅಪ್ಪ ಅಮ್ಮನನ್ನು ಕೇಳಿ. ಎಲ್ಲಾದರೂ ಹಾಕುವುದಾದರೆ ಯಾರ ಫೋಟೋ ಆದರೂ ಅವರಿಗೆ ಹೇಳಿ ಹಾಕಿ. ಎಲ್ಲಿ ಎಂದು ಹೇಳಿ, ಸುಮ್ನೆ 'ಇಂಟರ್‌ನೆಟ್ಟಲ್ಲಿ' ಅನ್ನಬೇಡಿ.

ಕ್ಯಾಮೆರಾವನ್ನು ಅಪ್ಪನ ಆ ಚರ್ಮದ ಕೇಸಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬ್ಯಾಟರಿ ಹಾಕಿಸಿದ ಮೇಲೆ ಒಂದು ರೋಲ್ ನಿಮ್ಮ ಬೀದಿಯಲ್ಲೇ ತೆಗೆಯಿರಿ, ಡಯಲ್ 200ಕ್ಕೆ, ಮನೆ ಮನೆಗೆ ಎರಡೆರಡು ಫ್ರೇಮ್. ಆ ನೆಗೆಟಿವ್ ಹೇಗಿದೆ ಎಂದು ಬರೆಯಿರಿ. ಬರೆಯುವ ಮೊದಲು ಪ್ರಿಂಟ್ ಕೊಟ್ಟು ಬನ್ನಿ.